ಮನೆಯಲ್ಲಿ ಯಾರೂ ಇಲ್ಲವೆಂದು ಬಗೆದ ಥರ್ಮೋಸ್ಟಾಟ್ ಮಹಾಶಯರಿಗೆ

ಮಾನ್ಯರೇ,

ನಮ್ಮ ನಡುಮನೆಯ ಗೋಡೆಯನ್ನು ಈ ಚಳಿಗಾಲದ ಮೊದಲರ್ಧ ಅಲಂಕರಿಸಿ, ಸದ್ಯ ಅಟ್ಟದ ಮೇಲೆ ಸವೆದ ಬೂಟುಗಳ ನಡುವೆ ವಿಶ್ರಾಂತಿ ಪಡೆಯುತ್ತಿರುವ ತಮಗೆ ಈ ಮನೆಯ ಸೊಸೆ ಮಾಡುವ ಸವಿನಯ ವಂದನೆಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ಅಟ್ಟದಲ್ಲಿ ಥಂಡಿ ತುಸು ಜಾಸ್ತಿಯೇ, ಆದರೆ ಮಂದಿಯ ಥಂಡಿಯನ್ನು ಅಷ್ಟು ನಿರಾಳವಾಗಿ ಸಹಿಸಿಕೊಂಡಿದ್ದ ತಮಗೆ ಅದೊಂದು ಲೆಕ್ಕವೇ?

ತಾವು ನಮ್ಮ ಮನೆಗೆ ದಯಮಾಡಿಸಿದ ಸಂದರ್ಭವನ್ನು ನೆನಪಿಸುವುದು ನನ್ನ ಕರ್ತವ್ಯ. ಅದಕ್ಕೆ ಮೊದಲು ಆ ಜಾಗದಲ್ಲಿ ಮನೆಯ ಬಿಸಿ ಏರಿಸಿ ಇಳಿಸುವ ಒಂದು ಹಳೆಯ ತಿರುಗುಗುಂಡಿಯಿತ್ತು, ಬೆಚ್ಚಗಾಗಲೆಂದು ಅತ್ತೆಯವರು ಬಲಕ್ಕೆ ತಿರುಗಿಸಿ ಹೋದದ್ದನ್ನು ನಾನು ಎಡಕ್ಕೆ ತಿರುಗಿಸುತ್ತಿದ್ದೆ, ನಾನು ತಿರುಗಿಸಿ ಬೆನ್ನು ಹಾಕುವಷ್ಟರಲ್ಲಿ ಅದು ಮತ್ತೆ ಬಲಕ್ಕೆ ವಾಲಿರುತ್ತಿತ್ತು. ನಮ್ಮ ಯಜಮಾನರು ವೃತ್ತಿಯಿಂದ ಭೂಮಾಪಕರು, ಊರವರ ಗಡಿ ತಂಟೆಗಳನ್ನೆಲ್ಲ ಬಗೆಹರಿಸುವವರು, ಮನೆಯ ಈ ಗಡಿಯೆದುರು ಕೈಚೆಲ್ಲಿ ಕೂತು, ಕೊನೆಗೆ ಯಾರ ಪಕ್ಷವೂ ಅಲ್ಲದ ನ್ಯಾಯಾಧೀಶರೆಂದು ತಮ್ಮನ್ನು ತಂದು ಗೋಡೆಗೇರಿಸಿದರು. ಅಂದು ಅತ್ತೆಯವರು ಮಗನ ಮುಂದೆ, ‘ಇನ್ಮೇಲೆ ಚಳಿ ಅನ್ನೋ ಮಾತು ಈ ಬಾಯಲ್ಲಿ ಬಂದ್ರೆ ಕೇಳು’ ಎಂದು ಪಂತ ಕಟ್ಟಿದರು, ನಾನೇನು ಕಮ್ಮಿ, ಸೆಕೆ ಎಂಬ ಪದವನ್ನೇ ಬಿಟ್ಟೆ ಎಂದೆ. ನಮ್ಮ ಮನೆಯಲ್ಲಿ ತಟ್ಟೆ ಒಡೆದರೆ ಕ್ಷಮೆಯುಂಟು, ಪಂತ ಒಡೆದರೆ ಇಲ್ಲ.

ತಮ್ಮ ವಿನಯವನ್ನು ಎಷ್ಟು ಹೊಗಳಿದರೂ ಸಾಲದು. ಗೋಡೆಯ ಮೇಲೆ ಕೂತು ಕೋಣೆಯ ಬಿಸಿಯನ್ನು ತಾವೇ ಅಳೆಯುತ್ತಿದ್ದಿರಿ, ಅದೇ ಗೋಡೆಯ ಹಿಂದೆ ಮನೆಯನ್ನು ಬಿಸಿಮಾಡುವ ಬಾಯ್ಲರು ಅಪ್ಪಣೆಗೆ ಕಾದಿತ್ತು, ನನ್ನ ಫೋನು ತಮ್ಮ ಮೂಗಿನ ಕೆಳಗೇ ಇತ್ತು, ಮೂವರೂ ಒಂದೇ ಮನೆಯ ವೈಫೈಯ ಮಕ್ಕಳು. ಆದರೂ ತಾವು ಬಿಸಿಯನ್ನು ಒಂದು ಡಿಗ್ರಿ ಏರಿಸಬೇಕಾದರೂ ನಾವು ಎಂದೂ ಕಾಣದ ಯಾವುದೋ ದೂರದ ಊರಿನ ದೊಡ್ಡ ಯಂತ್ರಗಳನ್ನು ಕೇಳಿಯೇ ಏರಿಸುತ್ತಿದ್ದಿರಿ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದು ಕೇಳುವ ಅವಿವೇಕಿಗಳು ನಾವು, ತಮಗೆ ಕನ್ನಡಿಯೂ ಬೇಕು, ಅದೂ ಪರವೂರಿನದೇ ಬೇಕು. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತನ್ನು ಇಷ್ಟು ಶ್ರದ್ಧೆಯಿಂದ ಪಾಲಿಸಿದವರನ್ನು ನಾನು ಬೇರೆಲ್ಲೂ ನೋಡಿಲ್ಲ.

ಇನ್ನು ಅತ್ತೆಯವರ ವಿಷಯ. ತಾವು ಅವರನ್ನು ಗಮನಿಸಿಲ್ಲವಾದ್ದರಿಂದ ಪರಿಚಯಿಸುತ್ತೇನೆ. ಅವರು ಬಾಳೆಲ್ಲ ಕಸೂತಿ ಹಾಕಿದವರು, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಚೌಕಟ್ಟನ್ನು ಮಡಿಲಲ್ಲಿಟ್ಟು ಕೂತರೆಂದರೆ ಬೆರಳ ತುದಿ ಬಿಟ್ಟು ಬೇರೇನೂ ಅಲುಗುವುದಿಲ್ಲ. ‘ಮೊಣಕೈ ಅಲ್ಲಾಡ್ತು ಅಂದ್ರೆ ಹೊಲಿಗೆ ಹಾಳಾಯ್ತು’ ಎಂಬುದು ಅವರ ವಿದ್ಯೆಯ ಮೊದಲ ಪಾಠ, ಆ ಪಾಠದಲ್ಲಿ ನಾನು ಪ್ರತಿಸಲವೂ ಫೇಲು. ಬಸುರಿ ನಾದಿನಿಯ ಮಗುವಿಗೆಂದು ಅವರು ಬಾತುಕೋಳಿಗಳ ಸಾಲಿರುವ ಒಂದು ಹೊದಿಕೆಯನ್ನು ಶುರುಮಾಡಿದ್ದರು. ತಾವು ಮಾತ್ರ, ಬೆಳಿಗ್ಗೆ ಕೆಲಸಕ್ಕೆ ಹೊರಟ ನನ್ನ ಮತ್ತು ಯಜಮಾನರ ಫೋನುಗಳು ಹೊಸಿಲು ದಾಟಿದ್ದನ್ನು ಕಂಡು, ಕೋಣೆಯಲ್ಲಿ ಅಲುಗಾಟವಿಲ್ಲದ್ದನ್ನು ಕಂಡು, ‘ಮನೆಯಲ್ಲಿ ಯಾರೂ ಇಲ್ಲ’ ಎಂದು ತೀರ್ಪು ಬರೆದು ಬಾಯ್ಲರನ್ನು ಮಲಗಿಸುತ್ತಿದ್ದಿರಿ. ಸಂಜೆ ನಮ್ಮ ಫೋನುಗಳು ಬೀದಿಯ ತಿರುವಿಗೆ ಬಂದೊಡನೆ ಎಬ್ಬಿಸುತ್ತಿದ್ದಿರಿ, ಆದ್ದರಿಂದ ನಾವು ಬಾಗಿಲು ತೆಗೆದಾಗೆಲ್ಲ ಮನೆ ಬೆಚ್ಚಗೆ ನಗುತ್ತಿತ್ತು.

ಹೀಗಿರುತ್ತ ಅತ್ತೆಯವರ ಬೆರಳು ಮರಗಟ್ಟತೊಡಗಿತು, ಸೂಜಿ ಜಾರಿತು, ಬಾತುಕೋಳಿಯ ಕೊಕ್ಕು ಸೊಟ್ಟಗಾಯಿತು. ಅವರು ಒಂದು ದಿನ ಚೌಕಟ್ಟನ್ನು ಹಳೆಯ ದಿಂಬಿನ ಚೀಲದಲ್ಲಿ ಸುತ್ತಿ ಮಂಚದ ಕೆಳಗೆ ತಳ್ಳಿ, ಮನೆಯ ಹಳೆಯ ಲ್ಯಾಂಡ್‌ಲೈನಿನಿಂದ ಮಗಳಿಗೆ ಫೋನು ಮಾಡಿ, ‘ನನ್ ಕೈ ಸೋತೋಯ್ತು ಕಣೇ, ಅಂಗಡೀಲೇ ಒಂದು ತಗೊಂಡ್ಬಿಡು’ ಎಂದರಂತೆ. ನಮಗೆ ಒಂದಕ್ಷರ ಹೇಳಲಿಲ್ಲ.

ತಲೆನೋವೆಂದು ಮಧ್ಯಾಹ್ನವೇ ನಾನು ಮನೆಗೆ ಬಂದ ದಿನ ತಮಗೆ ನೆನಪಿರಬಹುದು. ಫೋನಿನ ಚಾರ್ಜು ಮುಗಿದಿದ್ದರಿಂದ ತಮಗೆ ನನ್ನ ಆಗಮನದ ಸುಳಿವಿರಲಿಲ್ಲ. ಅತ್ತೆಯವರು ಮಗನ ಓವರ್‌ಕೋಟು ತೊಟ್ಟು, ಅದರ ಮೇಲೆ ಎರಡು ಕಂಬಳಿ ಹೊದ್ದು, ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿ ಕೂತಿದ್ದರು, ಎದುರಿಗೆ ಗೋಡೆಯ ಮೇಲೆ ತಮ್ಮ ಹಸಿರು ಅಕ್ಷರಗಳು ಮನೆಯಲ್ಲಿ ಯಾರೂ ಇಲ್ಲವೆಂದು ಸಾರುತ್ತಿದ್ದವು. ಒಂದು ಫೋನು ಮಾಡಬಾರದಿತ್ತೇ ಎಂದು ರೇಗಿದೆ. ‘ಆ ಪದ ಆಡಲ್ಲ ಅಂತ ಮಾತು ಕೊಟ್ಟಿದ್ದೀನಲ್ಲ. ಅದೂ ಅಲ್ದೆ, ವಯಸ್ಸಾದ್ಮೇಲೆ ಒಳಗಿಂದ್ಲೇ ಹೀಗಾಗತ್ತೇನೋ ಅಂದ್ಕೊಂಡೆ ಕಣಮ್ಮ’ ಎಂದರು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ತಮ್ಮ ಮೇಲೆ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂತು. ಫೋನಿಗೆ ಜೀವ ತುಂಬಿ ತಮ್ಮನ್ನು ಬೇಡಿಕೊಂಡೆ, ದೂರದ ಕಚೇರಿಯಲ್ಲಿ ದುರಸ್ತಿ ನಡೆದಿದೆ, ದಯವಿಟ್ಟು ನಂತರ ಪ್ರಯತ್ನಿಸಿ ಎಂದಿರಿ. ಅಡುಗೆಮನೆಯಲ್ಲಿ ಅದೇ ವೈಫೈ ಹಿಡಿದು ರೇಡಿಯೋ ಹಾಯಾಗಿ ಹಾಡುತ್ತಿತ್ತು.

ನಾನು ಫೋನು ಮಾಡಿದಾಗ ಸಿಕ್ಕ ತಮ್ಮ ಸಹಾಯವಾಣಿಯ ತಂಗಿಯನ್ನು ದೂರುವುದಿಲ್ಲ, ಆಕೆ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತಾಡಿದರೂ ಕೊನೆಗೊಂದು ಸಲಹೆ ಕೊಟ್ಟಳು. ಹಿರಿಯರು ಆಗಾಗ ಗೋಡೆಯ ಮೇಲಿನ ತಮ್ಮ ಕಡೆಗೆ ಕೈ ಬೀಸುತ್ತಿರಬೇಕಂತೆ. ಇನ್ನೂ ಬದುಕಿದ್ದೇನೆಂದು ಸ್ವಂತ ಮನೆಯ ಗೋಡೆಗೆ ಸಲಾಮು ಹೊಡೆಯುವ ಈ ಉಪಾಯವನ್ನು ಮೆಚ್ಚಿ, ನಾನೂ ಕೆಲವು ಅರಿಕೆಗಳನ್ನು ಮುಂದಿಡುತ್ತೇನೆ: ಅತ್ತೆಯವರು ಇದ್ದಾರೆಂದು ತಮ್ಮ ದೂರದ ಕಚೇರಿಯಿಂದ ಒಂದು ಪ್ರಮಾಣಪತ್ರ ಕಳಿಸಿಕೊಡಬೇಕು, ಕೂತು ಕೆಲಸ ಮಾಡುವವರೆಲ್ಲ ಸತ್ತವರಲ್ಲವೆಂದು ತಮ್ಮ ಯಂತ್ರಗಳಿಗೆ ತಿಳಿಹೇಳಬೇಕು, ಮತ್ತು ಸಾಧ್ಯವಾದರೆ ಒಬ್ಬ ಇಂಜಿನಿಯರನ್ನು ಕಳಿಸಿ ಆ ಸೊಟ್ಟ ಕೊಕ್ಕನ್ನು ಬಿಚ್ಚಿ ಹೊಲಿಸಿಕೊಡಬೇಕು.

ಉತ್ತರಕ್ಕೆ ಕಾಯದೆ ನಾವು ಅಂಗಡಿಗೆ ಹೋದೆವು, ಈ ಸಲ ಆರಿಸುವ ಹಕ್ಕನ್ನು ಯಜಮಾನರಿಂದ ಕಿತ್ತು ಅತ್ತೆಯವರಿಗೆ ಕೊಟ್ಟೆವು. ಅಂಗಡಿಯವರು ಬಣ್ಣದ ಪರದೆ, ಹವಾಮಾನದ ವರದಿ ಎಂದು ಬಣ್ಣಿಸುತ್ತಲೇ ಇದ್ದರು. ಅತ್ತೆಯವರದು ಒಂದೇ ಪಟ್ಟು: ‘ಅದೆಲ್ಲ ಇರ್ಲಿ, ಹೊರಗಿನ ಲೈನು ಕಿತ್ತು ತೋರಿಸಿ.’ ಇಂಟರ್ನೆಟ್ಟಿನ ತಂತಿ ಕಿತ್ತೊಡನೆ ತಮ್ಮ ಬಂಧುಬಳಗವೆಲ್ಲ ಸಾಲಾಗಿ ಕಣ್ಣುಮುಚ್ಚಿತು. ಮೂಲೆಯಲ್ಲಿದ್ದ ಒಂದು ಬಿಳಿಯ, ಅಂದಗೇಡಿ ಡಬ್ಬಿ ಮಾತ್ರ ಮನೆಯೊಳಗಿನ ವೈಫೈಯಲ್ಲೇ ಫೋನಿನ ಮಾತು ಕೇಳಿ ಟಿಕ್ಕೆಂದಿತು, ಮೇಲಾಗಿ ಅದಕ್ಕೊಂದು ತಿರುಗುಗುಂಡಿಯೂ ಇತ್ತು. ಅತ್ತೆಯವರು ಅಲ್ಲೇ ಅದನ್ನು ಬಲಕ್ಕೆ ತಿರುಗಿಸಿ ನನ್ನ ಮುಖ ನೋಡಿದರು. ನಾನು ಎಡಕ್ಕೆ ತಿರುಗಿಸಲಿಲ್ಲ.

ಈಗ ನಡುಮನೆ ಹಗಲೆಲ್ಲ ಬೆಚ್ಚಗಿದೆ, ಮಂಚದ ಕೆಳಗಿನ ಚೌಕಟ್ಟು ಮಡಿಲಿಗೆ ಮರಳಿದೆ, ಸೋತಿತೆಂದಿದ್ದ ಕೈ ನಾದಿನಿಯ ಮಗು ಹುಟ್ಟುವ ಮೊದಲೇ ಕೊನೆಯ ಬಾತುಕೋಳಿಯನ್ನು ದಡ ಸೇರಿಸಿದೆ. ಸೊಟ್ಟ ಕೊಕ್ಕನ್ನು ಅವರು ಬಿಚ್ಚಲಿಲ್ಲ, ಅಟ್ಟ ಸೇರಿದ ತಮ್ಮ ನೆನಪಿಗಿರಲೆಂದು ಬಿಟ್ಟಿದ್ದಾರೆ. ನಾನು ರಾಜಾರೋಷವಾಗಿ ‘ಅಯ್ಯೋ ಸೆಕೆ’ ಎನ್ನುತ್ತೇನೆ, ಅವರು ‘ಕಿಟಕಿ ತೆಗಿ, ಗುಂಡಿ ಮುಟ್ಟಬೇಡ’ ಎನ್ನುತ್ತಾರೆ. ಜಗಳವಿನ್ನೂ ಮುಗಿದಿಲ್ಲ, ಆದರೆ ಅದು ಮನೆಯೊಳಗಿನ ಜಗಳ, ಮನೆಯೊಳಗೇ ತೀರುತ್ತದೆ.

ಇಂತು, ತಾವು ಎಣಿಕೆಗೆ ತಂದುಕೊಳ್ಳದ ಹಿರಿಯರ ಸೊಸೆಯೂ ಬಾಯ್ಬಡುಕಿಯೂ ಆದ,

ತಮ್ಮ ವಿಶ್ವಾಸಿ

ಮರೆತ ಮಾತು: ತಮ್ಮ ಕಂಪನಿಯಿಂದ ನಿನ್ನೆ ನನ್ನ ಫೋನಿಗೆ, ‘ನಿಮ್ಮನ್ನು ಕಂಡು ಬಹಳ ದಿನವಾಯಿತು, ಮನೆಯಲ್ಲಿ ಎಲ್ಲರೂ ಹೇಗಿದ್ದೀರಿ?’ ಎಂಬ ಅಕ್ಕರೆಯ ಸಂದೇಶ ಬಂತು. ಏನೆಂದು ಬರೆಯಲಿ ಎಂದು ಅತ್ತೆಯವರನ್ನು ಕೇಳಿದೆ. ಅವರು ಸೂಜಿಯಿಂದ ಕಣ್ಣೆತ್ತದೆ, ಮೊಣಕೈ ಅಲುಗಿಸದೆ ಹೇಳಿದರು: ‘ಮನೇಲಿ ಯಾರೂ ಇಲ್ಲ ಅಂತ ಬರಿ. ಅವರು ನಂಬ್ತಾರೆ.’