ಅಂಚು ಮೀರಿದ ಸಮೀಕರಣದ ವಿಷಯವಾಗಿ ತಂತ್ರಾಂಶದವರಿಗೆ ಒಂದು ವಿನಂತಿ

ಪುಟ ಜೋಡಿಸುವ ತಂತ್ರಾಂಶದ ಮಾನ್ಯರೇ,

ನಮ್ಮ ಊಟದ ಮೇಜಿನ ಮೇಲಿರುವ ಲ್ಯಾಪ್‌ಟಾಪಿನೊಳಗೆ ತಾವು ದಯಮಾಡಿಸಿದ ದಿನದಿಂದ ನಮಗೆ ಊಟಕ್ಕೆ ಆ ಮೇಜು ಸಿಗದಂತಾಗಿದ್ದರೂ, ಅದನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ, ತೊಡೆಯ ಮೇಲೆ ತಟ್ಟೆಯಿಟ್ಟುಕೊಂಡೇ, ಮನೆಮಂದಿಯೆಲ್ಲರ ಪರವಾಗಿ ತಮಗೆ ಆಯುರಾರೋಗ್ಯ ಕೋರುತ್ತೇನೆ. ತಮಗೆ ನೆಗಡಿ, ಬೆನ್ನುನೋವು, ಸೋಮವಾರದ ಬೇಸರ ಯಾವುದೂ ಬರುವುದಿಲ್ಲವೆಂದು ಬಲ್ಲೆ. ಅವೆಲ್ಲ ನಮಗೇ ಬರುವಂತೆ ತಾವು ಅಚ್ಚುಕಟ್ಟಾಗಿ ಏರ್ಪಾಡು ಮಾಡಿದ್ದೀರಿ.

ಮೊದಲು ನನ್ನ ಪರಿಚಯ ಹೇಳಿಕೊಳ್ಳುವುದು ಮರ್ಯಾದೆ. ನಾನು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವನು. ಕಂಬದ ಕಡೆಗೆ ನೇರವಾಗಿ ಗಾಡಿ ಬಿಡುವ ಜನರ ಪಕ್ಕದಲ್ಲಿ ಕೂತು, ಸ್ವಲ್ಪ ಈ ಕಡೆ ತಗೊಂಡ್ರೆ ಚೆನ್ನಾಗಿರುತ್ತೆ ಮೇಡಂ ಎಂದು ಮೆತ್ತಗೆ ಹೇಳುವುದೇ ನನ್ನ ಕಸುಬಾದ್ದರಿಂದ, ಈ ಪತ್ರದಲ್ಲಿ ವಿನಯ ಅತಿಯಾಯಿತೆಂದು ಕಂಡರೆ ಅದನ್ನು ವೃತ್ತಿದೋಷವೆಂದು ಹೊಟ್ಟೆಗೆ ಹಾಕಿಕೊಳ್ಳಬೇಕು. ನನ್ನಾಕೆ ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಾಳೆ. ತನ್ನ ಪಿಎಚ್.ಡಿ. ಪ್ರಬಂಧವನ್ನು ಅವಳು ಕೈಯಲ್ಲೇ ಬರೆದು ಮುಗಿಸಿದಾಗ, ಅದನ್ನು ಟೈಪು ಮಾಡುವ ಭಾರ ನನ್ನ ಹೆಗಲೇರಿದ್ದು ನಮ್ಮ ಜೊತೆಗೇ ಇರುವ ಅತ್ತೆಯವರ ಕೃಪೆ: ದಿನವಿಡೀ ಮಷೀನಿನ ಜೊತೆಗೇ ಏಗುವ ಅಳಿಯಂದಿರು ಮನೆಯಲ್ಲೇ ಇರುವಾಗ ಹೊರಗಡೆ ಕೊಡೋದು ಯಾಕೆ ಎಂದು ಅವರು ಒಂದು ಮಾತು ಹೇಳಿದರು, ತಾಯಿ ಮಗಳು ತಲೆಯಾಡಿಸಿದರು, ಅಲ್ಲಿಗೆ ತೀರ್ಮಾನವಾಯಿತು. ಕ್ಲಚ್ಚಿಗೂ ತಮಗೂ ಏನು ನಂಟು ಎಂದು ಕೇಳುವಷ್ಟು ಧೈರ್ಯ ಅಳಿಯನಾದವನಿಗೆ ಎಲ್ಲಿಂದ ಬರಬೇಕು?

ಇದೇನು ಹೊತ್ತು ಕಳೆಯಲು ಹಿಡಿದ ಕೆಲಸವಾಗಿರಲಿಲ್ಲ ಎಂಬುದನ್ನು ತಾವು ದಯವಿಟ್ಟು ಗಮನಿಸಬೇಕು. ಅತ್ತೆಯವರ ಸೊಂಟದ ಮೂಳೆ ಮುರಿದಾಗ ಒಮ್ಮೆ, ಕಾಲೇಜಿನವರು ಇಬ್ಬರ ಪಾಠವನ್ನು ಇವಳೊಬ್ಬಳ ತಲೆಗೇ ಕಟ್ಟಿದಾಗ ಇನ್ನೊಮ್ಮೆ, ಹೀಗೆ ವಿಶ್ವವಿದ್ಯಾಲಯ ಅವಳಿಗೆ ಗಡುವನ್ನು ಎರಡು ಸಲ ಮುಂದೂಡಿತ್ತು. ಇನ್ನು ಇಲ್ಲ ಎಂದು ಬರೆದೂ ಕೊಟ್ಟಿತ್ತು. ಶುಕ್ರವಾರ ಸಂಜೆ ಕಚೇರಿಯ ಬಾಗಿಲು ಹಾಕುವುದರೊಳಗೆ ಪ್ರಬಂಧ ಅಲ್ಲಿನ ಮೇಜಿನ ಮೇಲೆ ಕೂರದಿದ್ದರೆ ನೋಂದಣಿ ರದ್ದು, ಅಷ್ಟೂ ವರ್ಷದ ದುಡಿಮೆ ರದ್ದಿ. ಅವಳು ಹೊರಗೆ ನಗುತ್ತಲೇ ಇದ್ದಳು, ಆದರೆ ಚಹಾಕ್ಕೆ ಸಕ್ಕರೆ ಹಾಕುವುದನ್ನು ಮರೆಯತೊಡಗಿದ್ದಳು.

ತಮ್ಮೊಡನೆ ನನ್ನ ಸಂಸಾರ ಶುರುವಾದದ್ದು ಹೀಗೆ. ಇತರ ತಂತ್ರಾಂಶದವರಂತೆ ಅಕ್ಷರಗಳನ್ನು ಕೈಯಿಂದ ಎಳೆದು ಕೂರಿಸುವುದಕ್ಕೆ ತಾವು ಒಪ್ಪುವವರಲ್ಲ. ಹೇಳಬೇಕಾದ್ದನ್ನೆಲ್ಲ ಆಜ್ಞೆಗಳ ರೂಪದಲ್ಲಿ ಬರೆದುಕೊಡಬೇಕು, ತಾವು ಅದನ್ನು ಓದಿ, ಮನಸ್ಸಿಗೆ ಬಂದರೆ, ಪುಟ ಕಟ್ಟಿಕೊಡುತ್ತೀರಿ. ಮೊದಲ ಸಮೀಕರಣವನ್ನು ಸುತ್ತಲ ಮಾತಿನಿಂದ ಬೇರ್ಪಡಿಸಿ ಅದರದೇ ಸಾಲಿನಲ್ಲಿ ನಿಲ್ಲಿಸಬೇಕಾಗಿತ್ತು. ಅಂದವಾಗಿರಲಿ ಎಂದು ಅದರ ಆಜ್ಞೆಗಳ ನಡುವೆ ನಾನೊಂದು ಖಾಲಿ ಸಾಲು ಬಿಟ್ಟೆ. ಅಷ್ಟಕ್ಕೇ ತಾವು ಕೆಲಸ ನಿಲ್ಲಿಸಿ, ಡಾಲರ್ ಒಂದು ಕಾಣೆಯಾಗಿದೆ, ಅದನ್ನು ನಾನೇ ಸೇರಿಸಿದ್ದೇನೆ ಎಂದು ಪರದೆಯ ಮೇಲೆ ಸಾರಿದಿರಿ. ನಾನು ಅದನ್ನು ಗಟ್ಟಿಯಾಗಿ ಓದಿದ್ದೇ ತಪ್ಪಾಯಿತು. ಈ ಮನೆಗೆ ಡಾಲರು ಯಾವಾಗ ಬಂತು, ಬಂದದ್ದನ್ನು ನನಗೆ ಯಾರೂ ಯಾಕೆ ಹೇಳಲಿಲ್ಲ ಎಂದು ಅತ್ತೆಯವರು ತಮ್ಮ ಕೈಚೀಲವನ್ನೂ, ಆಮೇಲೆ ನನ್ನ ಮುಖವನ್ನೂ ತಡಕಾಡಿ ನೋಡಿದರು. ಅದು ಗಣಿತ ಶುರುವಾಯಿತೆಂದು ತಮಗೆ ತಿಳಿಸುವ ಒಂದು ಗುರುತು ಮಾತ್ರ ಎಂದು ಮಗಳು ಬಿಡಿಸಿ ಹೇಳಿದ ಮೇಲೂ ಅವರಿಗೆ ನನ್ನ ಮೇಲೆ ಪೂರ್ತಿ ನಂಬಿಕೆ ಬಂದಂತೆ ಕಾಣಲಿಲ್ಲ.

ಈ ಸಣ್ಣಪುಟ್ಟದ್ದೆಲ್ಲ ಇರಲಿ. ನನ್ನ ಅಹವಾಲು ಇರುವುದು ಪ್ರಬಂಧದ ಮುಖ್ಯ ಸಮೀಕರಣದ ಬಗ್ಗೆ. ಕಾಯಿಸಿದ ತಗಡಿನ ಪಟ್ಟಿಯಲ್ಲಿ ಬಿಸಿ ಹೇಗೆ ಹರಡುತ್ತದೆ ಎಂಬುದು ನನ್ನಾಕೆಯ ವಿಷಯ, ಅದರ ಸಾರವೆಲ್ಲ ಆ ಒಂದು ಸಮೀಕರಣದಲ್ಲಿತ್ತು, ಮತ್ತು ಅದು ಉದ್ದವಾಗಿತ್ತು. ತಾವು ಮೊದಲು ಅದರ ಕ್ರಮಸಂಖ್ಯೆಯ ಅಂಕೆಯನ್ನು ಬಲತುದಿಯಿಂದ ಕೆಳಗಿನ ಸಾಲಿಗೆ ತಳ್ಳಿದಿರಿ. ಪಾಪ, ಅದು ಬಸ್ಸು ತಪ್ಪಿಸಿಕೊಂಡವರ ಹಾಗೆ ಒಂಟಿಯಾಗಿ ನಿಂತಿತು. ಅದಕ್ಕೂ ಸಾಲದೆ ಸಮೀಕರಣದ ಕೊನೆಯ ಎರಡು ಪದಗಳನ್ನು ಬಲ ಅಂಚಿನಾಚೆ, ಏನನ್ನೂ ಬರೆಯಕೂಡದ ಬಿಳಿ ಜಾಗದಲ್ಲಿ ನೇತುಹಾಕಿದಿರಿ. ಮಾಡಿದ್ದನ್ನು ಮುಚ್ಚಿಡಲಿಲ್ಲ, ಅದು ತಮ್ಮ ದೊಡ್ಡತನ: ಯಾರೂ ತೆರೆದು ನೋಡದ ಒಂದು ಕಡತದ ಮೂಲೆಯಲ್ಲಿ, ಇಂಥ ಸಾಲು ತುಂಬಿ ಹೊರಚೆಲ್ಲಿದೆ ಎಂದು ಬರೆದಿಟ್ಟು ಮುಂದಿನ ಪುಟಕ್ಕೆ ನಡೆದಿರಿ. ನನ್ನ ಶಿಷ್ಯರೊಬ್ಬರು ಹೀಗೆಯೇ, ಗೋಡೆಗೆ ಗುದ್ದಿದ ಮೇಲೆ, ಸರ್ ಅಲ್ಲೊಂದು ಗೋಡೆ ಇದೆ ಎಂದು ತಿಳಿಸಿದ್ದರು; ಆದರೆ ಅವರ ಕಾಲ ಬುಡದಲ್ಲಿದ್ದಂತೆ ನನ್ನ ಕಾಲ ಬುಡದಲ್ಲೂ ಒಂದು ಬ್ರೇಕಿತ್ತು. ತಮ್ಮಲ್ಲಿ ಅದನ್ನು ಎಲ್ಲಿಟ್ಟಿದ್ದೀರೋ ಜಪ್ಪಯ್ಯ ಅಂದರೂ ಸಿಗಲಿಲ್ಲ.

ಸಮೀಕರಣವನ್ನು ಎರಡು ಸಾಲಿಗೆ ಮುರಿಯೋಣವೆಂದರೆ ತಮ್ಮ ಶಿಸ್ತು ಅಡ್ಡಬಂತು. ಒಂದು ಸಾಲಿನಲ್ಲಿ ತೆರೆದ ದೊಡ್ಡ ಆವರಣ ಅದೇ ಸಾಲಿನಲ್ಲಿ ಮುಚ್ಚಬೇಕು, ಜೋಡಿಯನ್ನು ಅಗಲಿಸಕೂಡದು ಎಂದು ತಾವು ಹಟ ಹಿಡಿದಿರಿ. ಕಣ್ಣಿಗೆ ಕಾಣದ ಆವರಣವೊಂದನ್ನು ನಡುವೆ ಇಟ್ಟರೆ ತಾವು ನಂಬುತ್ತೀರೆಂದು ಯಾರೋ ಹೇಳಿಕೊಟ್ಟರು. ತಾವು ನಿಜಕ್ಕೂ ನಂಬಿದಿರಿ, ಆದರೆ ಸೇಡು ತೀರಿಸಿಕೊಳ್ಳದೆ ಬಿಡಲಿಲ್ಲ: ಮೇಲಿನ ಸಾಲಿನ ಆವರಣ ಬಾಗಿಲಿನಷ್ಟು ದೊಡ್ಡದು, ಕೆಳಗಿನದು ಉಗುರಿನಷ್ಟು. ಹೋಗಲಿ, ಅದನ್ನೂ ಸರಿಪಡಿಸಿ ಒಯ್ದು ತೋರಿಸಿದರೆ, ನನ್ನಾಕೆಯ ಗೈಡ್ ಮೇಡಂ ಕಾಗದವನ್ನು ದೂರ ಹಿಡಿದು, ಸಮೀಕರಣ ಅಂದರೆ ಒಂದೇ ನೋಟಕ್ಕೆ ಸಿಗಬೇಕು, ತುಂಡು ಮಾಡಿದ್ದನ್ನು ನಾನು ನೋಡೋದಿಲ್ಲ ಎಂದುಬಿಟ್ಟರು.

ಅಕ್ಷರ ಚಿಕ್ಕದು ಮಾಡಬಹುದಿತ್ತು, ಪುಟವನ್ನೇ ಅಡ್ಡ ತಿರುಗಿಸಬಹುದಿತ್ತು. ಅವೆರಡಕ್ಕೂ ವಿಶ್ವವಿದ್ಯಾಲಯದ ಕಚೇರಿಯಲ್ಲಿ ಕೂತಿರುವ ಮಹನೀಯರೊಬ್ಬರು ಒಪ್ಪಲಿಲ್ಲ. ಪ್ರಬಂಧ ಯಾವ ವಿಷಯದ್ದೇ ಆಗಲಿ, ಓದುವ ಗೋಜಿಗೆ ಹೋಗದೆ, ಪ್ರತಿ ಪುಟದ ಅಂಚಿಗೂ ಮರದ ಸ್ಕೇಲಿಟ್ಟು ಅಳೆಯುವುದು ಅವರ ಕೆಲಸ, ಆದ್ದರಿಂದ ಅವರಿಗೆ ಸ್ಕೇಲ್ ಸಾಹೇಬರೆಂದೇ ಹೆಸರು. ನಮ್ಮ ಕರಡಿನ ಮೇಲೆ ಸ್ಕೇಲಿಟ್ಟು, ಅಂಚಿನಾಚೆ ನೇತಾಡುತ್ತಿದ್ದ ಆ ಎರಡು ಪದಗಳನ್ನು ಹೆಬ್ಬೆರಳಿನಿಂದ ಒತ್ತಿ, ಇವು ಒಳಗೆ ಬಂದರೆ ನೀವೂ ಒಳಗೆ ಎಂದು ಅವರು ನಗುತ್ತಾ ಹೇಳಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ನನ್ನಾಕೆ ಮನೆ ತಲುಪುವವರೆಗೆ ಕಾರಿನ ಕಿಟಕಿಯಾಚೆ ನೋಡುತ್ತಲೇ ಇದ್ದಳು.

ಅವಳನ್ನು ನಗಿಸೋಣವೆಂದು ನಾನು ಬಾಯಿ ಬಿಟ್ಟೆ. ಗಾಡಿ ತುಂಬಿ ಬಾಗಿಲಿಗೆ ಜೋತುಬಿದ್ದಿರುವ ಈ ಇಬ್ಬರನ್ನೂ ಇಳಿಸಿಬಿಟ್ಟರೆ ಏನು ಗಂಟು ಹೋಗುತ್ತದೆ ಎಂದು ಕೇಳಿದೆ. ಅಯ್ಯೋ, ಯಾಕಾದರೂ ಕೇಳಿದೆನೋ! ತನ್ನ ಪ್ರಬಂಧದ ನಾಲ್ಕನೇ ಅಧ್ಯಾಯವಿಡೀ ಇರುವುದೇ ಆ ಎರಡು ಪದಗಳ ಮೇಲೆ, ಒಂದು ಪಟ್ಟಿಯ ಈ ತುದಿಯಿಂದ ಹೊರಹೋಗುವ ಬಿಸಿ, ಇನ್ನೊಂದು ಆ ತುದಿಯಿಂದ ಒಳಬರುವ ಬಿಸಿ, ಎರಡೂ ಸೇರಿದರೆ ಎಷ್ಟು ಚಿಕ್ಕದೆಂದು ಸಾಧಿಸುವುದಕ್ಕೆ ತಾನು ಅಮ್ಮನ ಆಸ್ಪತ್ರೆಯ ಕಾರಿಡಾರಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಬರೆದದ್ದು ಇವರಿಗೆ ಬಸ್ಸಿನ ಜನವೇ ಎಂದು ಸಿಡುಕಿ, ಸಂಜೆಯಿಡೀ ನನ್ನೊಡನೆ ಮಾತು ಬಿಟ್ಟಳು. ಅತ್ತೆಯವರು ಮಾತ್ರ ನನ್ನ ತಟ್ಟೆಗೆ ಇನ್ನೊಂದು ಸೌಟು ಹೆಚ್ಚಿಗೆ ಬಡಿಸಿದರು.

ಮರುದಿನ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವಾಗ ಅವಳು ಬಾಗಿಲಲ್ಲಿ ಅಡ್ಡ ನಿಂತಳು. ಕೈಯಲ್ಲಿದ್ದ ಉದ್ದನೆಯ ಕಾಗದದ ಚೂರನ್ನು ಬಗ್ಗಿಸಿ, ಎರಡು ತುದಿಗಳನ್ನೂ ಸೇರಿಸಿ, ಬಳೆಯಂತೆ ಮಾಡಿ ನನಗೆ ತೋರಿಸಿದಳು. ವಿಷಯವಿಷ್ಟೇ, ಮಾನ್ಯರೇ: ಅವಳು ಕೆಲಸ ಶುರುಮಾಡಿದ್ದು ನೇರವಾದ ಪಟ್ಟಿಯಿಂದ, ಎರಡನೇ ಅಧ್ಯಾಯಕ್ಕೆ ಬರುವಷ್ಟರಲ್ಲಿ ಗೈಡ್ ಮೇಡಂ ಸಲಹೆಯಂತೆ ಪಟ್ಟಿಯನ್ನು ಬಗ್ಗಿಸಿ ಬಳೆ ಮಾಡಿದ್ದಳು. ಬಳೆಗೆ ತುದಿ ಎಲ್ಲಿಂದ ಬರಬೇಕು? ಒಂದು ಕಡೆಯಿಂದ ಹೊರಟ ಬಿಸಿ ಅದೇ ಜಾಗದಲ್ಲಿ ಒಳಗೆ ಬರುತ್ತದೆ, ಒಂದು ಪದ ಇನ್ನೊಂದನ್ನು ಪೂರ್ತಿ ಹೊಡೆದುಹಾಕುತ್ತದೆ. ಪಟ್ಟಿಯ ಕಾಲದ ಎರಡು ಪದಗಳು ಬೇರೆ ಬೇರೆ ವೇಷ ಹಾಕಿಕೊಂಡು ಬಳೆಯ ಕಾಲದಲ್ಲೂ ಜೊತೆಗೆ ಬಂದಿದ್ದವು, ಅವಳೂ ನೋಡಲಿಲ್ಲ, ಮೇಡಂ ಕೂಡ ನೋಡಲಿಲ್ಲ. ಸೊನ್ನೆ ಬಹಳ ಚಿಕ್ಕದು ಎಂದು ನನ್ನಾಕೆ ಒಂದು ಅಧ್ಯಾಯದುದ್ದಕ್ಕೂ ಸಾಧಿಸಿದ್ದಳು.

ನನಗೆ ಹೆದರಿಕೆಯಾಯಿತು. ಅವಳು ಬಾಗಿಲ ಬಳಿಯೇ ಕೂತು ಅತ್ತಳು, ಆ ಅಧ್ಯಾಯ ಬರೆದ ಕುರ್ಚಿ, ಕಾರಿಡಾರು, ನರ್ಸಮ್ಮನ ಬೈಗುಳ ಎಲ್ಲ ನೆನೆಸಿಕೊಂಡು ಅತ್ತಳು; ಅಳುತ್ತಳುತ್ತಲೇ ಸೊನ್ನೆಯ ಮಾತಿಗೆ ನಗು ಬಂದು, ನಕ್ಕಳು. ಏನೂ ಆಗಿಲ್ಲವೆಂಬಂತೆ, ಮೇಡಂ ಅವರ ಕೈಕಾಲು ಹಿಡಿದು ಸಮೀಕರಣವನ್ನು ಎರಡು ಸಾಲಿಗೆ ಮುರಿದು, ಹಳೆಯದನ್ನೇ ಒಪ್ಪಿಸಿಬಿಡಬಹುದಿತ್ತು, ಲೆಕ್ಕ ತಪ್ಪೇನೂ ಆಗಿರಲಿಲ್ಲ, ಕಂಡುಹಿಡಿಯುವವರೂ ಇರಲಿಲ್ಲ. ನಾನು, ಕೈಮುಗಿಯುತ್ತೇನೆ, ಹಾಗೆಯೇ ಮಾಡು ಎಂದೆ. ಅವಳು ನಾಲ್ಕನೇ ಅಧ್ಯಾಯವನ್ನು ಎತ್ತಿ ನನ್ನ ಕೈಗಿಟ್ಟು, ಇದನ್ನು ತೆಗೆಯಿರಿ ಎಂದಳು. ಫೋನಿನಲ್ಲಿ ಸುದ್ದಿ ಕೇಳಿದ ಗೈಡ್ ಮೇಡಂ, ನಾನೂ ಎಂಥ ಬೆಪ್ಪಿ ಕಣಮ್ಮ ಎಂದು ತಮ್ಮನ್ನೇ ಬೈದುಕೊಂಡು, ಶುಕ್ರವಾರದೊಳಗೆ ಆಗುತ್ತಾ ಎಂದಷ್ಟೇ ಕೇಳಿದರಂತೆ.

ಈಗ ಹೇಳಿ, ತಮ್ಮನ್ನು ಬೈಯಲೋ, ಸನ್ಮಾನಿಸಲೋ? ಆ ಎರಡು ಪದಗಳು ಹೊರಗಿನವು ಎಂದು ಮೊದಲ ದಿನವೇ ಹೇಳಿದವರು ತಾವೊಬ್ಬರೇ. ಪಂಡಿತರಿಬ್ಬರು ವರ್ಷಗಟ್ಟಲೆ ಕಾಣದ್ದನ್ನು ತಾವು ಕಂಡೂ, ಮೂಲೆಯ ಕಡತದಲ್ಲಿ ಪಿಸುಗುಟ್ಟಿ ಸುಮ್ಮನಾದಿರಿ. ಆದಕಾರಣ ನನ್ನ ಬೇಡಿಕೆಗಳು ಹೀಗಿವೆ. ಇನ್ನು ಮುಂದೆ ಸಾಲು ತುಂಬಿದಾಗ ತಾವು ಗಟ್ಟಿಯಾಗಿ ಕೆಮ್ಮಬೇಕು. ಮನೆಯ ಇತರ ವಿಷಯಗಳಲ್ಲೂ, ಉದಾಹರಣೆಗೆ ನನ್ನ ಮಾತು ಮಿತಿ ಮೀರುವಾಗ, ಎಚ್ಚರಿಸಬೇಕು. ಸ್ಕೇಲ್ ಸಾಹೇಬರ ಮುಂದೆ ಒಂದು ಅಂಚು ಎಳೆದು ಅವರನ್ನು ಅದರಾಚೆ ಬಿಡಬೇಕು. ಆಗದೆಂದರೆ, ದಿನಕ್ಕೊಂದು ಗಂಟೆ ನನ್ನ ಕಾರಿನಲ್ಲಿ ಬಂದು ಕೂತು, ಕಂಬ ಕಂಡಾಗ ಶಿಷ್ಯರ ಎದುರು ಹೇಗೆ ನಿರ್ವಿಕಾರವಾಗಿರಬೇಕೆಂದು ನನಗೆ ಕಲಿಸಿಕೊಡಬೇಕು.

ಪದಗಳು ಹೋದ ಮೇಲೆ ಉಳಿದದ್ದೂ ಮಡಿಸಿಕೊಂಡು, ಸಮೀಕರಣ ಎಷ್ಟು ಚಿಕ್ಕದಾಯಿತೆಂದರೆ, ಅದನ್ನು ಮಾತಿನ ನಡುವೆಯೇ ತೂರಿಸಿಬಿಡಬಹುದಿತ್ತು, ಬೇರೆ ಸಾಲೇ ಬೇಕಿರಲಿಲ್ಲ. ನಾನು ಹಾಗೇ ಮಾಡಹೊರಟಾಗ ಅವಳು ಬೇಡವೆಂದಳು. ಮೇಲೆ ಕೆಳಗೆ ಜಾಗ ಬಿಟ್ಟು, ನಡುವೆ, ಅದೊಂದನ್ನೇ ನಿಲ್ಲಿಸಿ ಎಂದಳು. ಆಜ್ಞೆ ಬರೆದೆ. ತಾವು ಒಂದೇ ಒಂದು ಮಾತು ಆಡದೆ ನಿಲ್ಲಿಸಿದಿರಿ, ಅಂಕೆಯೂ ಬಲಗಡೆ ತನ್ನ ಜಾಗದಲ್ಲಿ ತೆಪ್ಪಗೆ ಕೂತಿತು. ಅವಳು ಅದನ್ನು ನೋಡುತ್ತಾ, ಇಷ್ಟೇ ಇತ್ತು ನೋಡ್ರೀ ಎಂದಳು. ಅವಳ ದನಿಯಲ್ಲಿದ್ದದ್ದು ದುಃಖವೋ ಸಂತೋಷವೋ ನನಗೆ ಇವತ್ತಿಗೂ ಗೊತ್ತಿಲ್ಲ. ಶುಕ್ರವಾರ ಸ್ಕೇಲ್ ಸಾಹೇಬರು ಆ ಪುಟದ ಮೇಲೆ ಸ್ಕೇಲನ್ನು ಉದ್ದಕ್ಕೂ ಅಡ್ಡಕ್ಕೂ ಇಟ್ಟು, ಅಳೆಯಲು ಏನೂ ಸಿಗದೆ, ಬೇಸರದಿಂದಲೇ ಮುದ್ರೆ ಒತ್ತಿದರು. ಮೊನ್ನೆ ಅವಳು ಡಾಕ್ಟರ್ ಆದಳು.

ವಿಶ್ವಾಸ ಉಳಿದಿರುವಷ್ಟು ದಿನ
ತಮ್ಮ ವಿಶ್ವಾಸಿ,
ಡಾಕ್ಟರಮ್ಮನ ಡ್ರೈವರ್

ಮರೆತ ಮಾತು: ಪ್ರಬಂಧದ ಕೃತಜ್ಞತೆಗಳು ಒಂದು ಪುಟ ಮೀರಕೂಡದೆಂದು ನಿಯಮವಂತೆ. ಗೈಡ್ ಮೇಡಂ, ಅತ್ತೆಯವರು, ಆಸ್ಪತ್ರೆಯವರು ಮತ್ತು ಮೂರನೇ ಸಾಲಿನಲ್ಲಿ ಸಾಕ್ಷಾತ್ ತಾವು, ಎಲ್ಲರೂ ಆ ಪುಟದೊಳಗೆ ಹಿಡಿಸಿದಿರಿ. ನಾನಿದ್ದ ಕೊನೆಯ ಸಾಲೊಂದನ್ನು ಮಾತ್ರ ತಾವು ಮುಂದಿನ ಪುಟಕ್ಕೆ ದೂಡಿದಿರಿ. ಡಾಕ್ಟರಮ್ಮ ಕ್ಷಣಕಾಲ ಅದನ್ನು ಪರಿಶೀಲಿಸಿ, ಇದಿಲ್ಲದೆಯೂ ಎಲ್ಲ ಸರಿಯಾಗೇ ಇದೆ ಎಂದು ಕಂಡುಹಿಡಿದಿದ್ದಾರೆ.