ಸೌರಕೇಂದ್ರದ ಸಂಡಿಗೆ

ತಂಗೆವ್ವ ಸೌರಫಲಕದ ಮೇಲೆ ಮೊದಲ ಸಂಡಿಗೆ ಇಟ್ಟಾಗಲೇ ಭರಮಪ್ಪ ಬೇಡವೆನ್ನಬೇಕಿತ್ತು. ಆದರೆ ತಂಗೆವ್ವ ಸೌರಕೇಂದ್ರದ ಸಮಿತಿಯ ಅಧ್ಯಕ್ಷ ಬಾಳಗೊಂಡನ ಸೋದರತ್ತೆ.

ಕುರುಂದವಾಡ ರಸ್ತೆಯ ಪೆಟ್ರೋಲ್ ಪಂಪು ಮುಚ್ಚುವ ತನಕ ಭರಮಪ್ಪ ಅಲ್ಲಿ ಪೆಟ್ರೋಲ್ ಹಾಕಿದವನು. ಈಗ ಊರವರು ಸೇರಿ ಅದನ್ನು ಸೌರವಿದ್ಯುತ್ ಕೇಂದ್ರ ಮಾಡಿದ್ದರು. ಅಂಗಳದ ತುಂಬ ಸೊಂಟದೆತ್ತರದ ಫಲಕಗಳು. ಇಚಲಕರಂಜಿಯ ಮಗ್ಗಗಳಿಗೆ ಹೋಗುವವರು ಬ್ಯಾಟರಿ ಗಾಡಿಗಳನ್ನು ಅಲ್ಲಿ ಚಾರ್ಜ್ ಮಾಡಿಕೊಳ್ಳಬೇಕು. ಭರಮಪ್ಪ ಅದರ ಹಂಗಾಮಿ ಉಸ್ತುವಾರಿ. ಇವತ್ತು ಕೊಲ್ಲಾಪುರದ ಸರ್ಕಾರಿ ಸಾಹೇಬರು ತಪಾಸಣೆಗೆ ಬಂದು ಒಪ್ಪಿದರೆ ಕೆಲಸ ಕಾಯಂ.

"ಕಾಕು, ಇವು ಕರೆಂಟ್ ಮಾಡೂ ಪ್ಲೇಟ ಅದಾವ್ರಿ. ಸಂಡಗಿ ಒಣಗಸೂವಲ್ಲ" ಎಂದು ಭರಮಪ್ಪ ತಡವಾಗಿ ಆ ಮುದುಕಿಗೆ ಹೇಳಿ ನೋಡಿದ.

"ಬಿಸಲು ನಿಮ್ಮಪ್ಪಂದೇನೋ? ನನ್ನ ನಾಕ ಸಂಡಗಿಗೆ ಎಷ್ಟ ಖರ್ಚಾಕ್ಕೈತಿ?"

ಅದನ್ನು ನೋಡಿ ಪಕ್ಕದ ಮನೆಯ ಸಾವಕ್ಕ ಬಂದಳು. ಸಾವಕ್ಕನ ಹಿಂದೆ ಇಡೀ ಓಣಿಯೇ ಬಂತು. ಹಪ್ಪಳ, ಶಾವಿಗೆ, ಮೂಲೆಯಲ್ಲಿ ಯಾರದೋ ಮೆಣಸಿನಕಾಯಿ. ಭರಮಪ್ಪ ಒಂದು ಕಡೆ ಎತ್ತಿದರೆ ಇನ್ನೊಂದು ಕಡೆ ಹರಡುತ್ತಿದ್ದರು, ಮದುವೆಮನೆಯಲ್ಲಿ ಎಲೆ ಎತ್ತುವವನ ಹಿಂದೆಯೇ ಎಲೆ ಹಾಕುವವರು ಬಂದಂತೆ.

ಅಷ್ಟರಲ್ಲಿ ಮಗ್ಗದ ಧನರಾಜ ಗಾಡಿ ತಂದು ಹಚ್ಚಿದ. ಫಲಕಗಳೆಲ್ಲ ಮುಚ್ಚಿಹೋಗಿದ್ದರಿಂದ ಮೀಟರು ಎರಡು ಸಲ ಕಣ್ಣು ಪಿಳುಕಿಸಿ ಮಲಗಿಬಿಟ್ಟಿತು.

"ನನ್ನ ಪಾಳಿ ತಪ್ಪತೈತೋ ಭರಮಾ! ಮೊದಲ ಪೆಟ್ರೋಲ್‌ದಾಗ ನೀರ ಬೆರಸ್ತಿದ್ದಿ, ಈಗ ಬಿಸಲಾಗೂ ಏನರ ಬೆರಸಾಕತ್ತಿಯೇನು?"

ಭರಮಪ್ಪ ಎಂದೂ ಹನಿ ನೀರನ್ನೂ ಬೆರೆಸಿದವನಲ್ಲ. ಬಾಳಗೊಂಡನಿಗೆ ಫೋನು ಹಚ್ಚಿದ.

"ಅತ್ತಿ ಮುಂದ ನಾ ಬಾಯಿ ಬಿಚ್ಚೂದಿಲ್ಲಪ್ಪ. ನೀನ ನೋಡ್ಕೊ" ಎಂದು ಬಾಳಗೊಂಡ ಇಟ್ಟುಬಿಟ್ಟ.

ಕೊನೆಗೆ ಭರಮಪ್ಪನೇ ಧೈರ್ಯ ಮಾಡಿ ಕೈಹಾಕಿದ. ಸಂಡಿಗೆ ಗಾಜಿಗೆ ಕಚ್ಚಿಕೊಂಡಿತ್ತು. ಅಂಗಿಯ ತುಂಬ ಹಿಟ್ಟು ಮೆತ್ತಿಕೊಂಡು ಉಗುರಿನಿಂದ ಕೆರೆಯುತ್ತಿದ್ದಾಗಲೇ ಸಾಹೇಬರ ಜೀಪು ಬಂದು ನಿಂತಿತು.

ಸಾಹೇಬರು ಮೀಟರಿನ ಹತ್ತಿರ ಹೋಗುವ ಮೊದಲೇ ತಂಗೆವ್ವ ಮನೆಯಿಂದ ಕರಿದು ತಂದ ಸಂಡಿಗೆಯ ತಾಟು ಹಿಡಿದು ಅಡ್ಡ ನಿಂತಳು. ಒಂದು ಬಾಯಿಗೆ ಹಾಕಿಕೊಂಡವರು ಕಣ್ಣು ಮುಚ್ಚಿದರು.

"ಫಾರ್ ಛಾನ್!" ಬಹಳ ಚೆನ್ನಾಗಿದೆ ಎಂದು ಮರಾಠಿಯಲ್ಲಿ ಹೊಗಳಿದರು. ಸೂರ್ಯನ ಶಕ್ತಿಯಿಂದ ಮಹಿಳೆಯರ ಉದ್ಯೋಗ, ಇಂಥದ್ದನ್ನು ಎಲ್ಲೂ ಕಂಡಿಲ್ಲ, ಕೇಂದ್ರ ಮಂಜೂರು ಎಂದು ಸಾರಿಬಿಟ್ಟರು.

ಭರಮಪ್ಪನ ಎದೆ ಹಗುರಾಯಿತು. "ಹಂಗಾರ ನನ್ನ ಕೆಲಸ ಕಾಯಂ ಆತಲ್ರಿ, ಸಾಹೇಬ್ರ?"

ಸಾಹೇಬರು ಪ್ರೀತಿಯಿಂದ ಅವನ ಬೆನ್ನು ತಟ್ಟಿದರು. ಮಹಿಳೆಯರ ಕೇಂದ್ರವೆಂದ ಮೇಲೆ ಉಸ್ತುವಾರಿಯೂ ಮಹಿಳೆಯೇ ಆಗಬೇಕಲ್ಲವೇ? ಸಾಹೇಬರಿಗೆಂದು ತಂದಿದ್ದ ಹಾರ ತಂಗೆವ್ವನ ಕೊರಳಿಗೆ ಬಿತ್ತು. ಬಾಳಗೊಂಡ ಎಲ್ಲಿಂದಲೋ ಪ್ರತ್ಯಕ್ಷನಾಗಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

ಜೀಪು ಹೋಯಿತು. ಧನರಾಜ ಬೈಯುತ್ತ, ಗಾಡಿ ತಳ್ಳುತ್ತ ಇಚಲಕರಂಜಿಯ ದಾರಿ ಹಿಡಿದ. ಭರಮಪ್ಪ ಕೇಂದ್ರದ ಕೀಲಿಕೈ ತಂದು ತಂಗೆವ್ವನಿಗೆ ಕೊಟ್ಟ. ಅವನ ಮುಖ ನೋಡಿ ಮುದುಕಿಯ ಕರುಳು ಚುರುಕ್ ಎಂದಿತು.

"ಅಳಬ್ಯಾಡೋ ಭರಮ್ಯಾ. ನಿನ್ನ ಕೈ ಬಿಡ್ತೇನೇನು? ನಾಳಿಂದ ಬಾ. ಕಾಗಿ ಓಡ್ಸಾಕ ಒಬ್ಬ ಬೇಕ ಬೇಕಲ್ಲ."