ಜೋಗಕ್ಕೆ ಹೋದ ಮೆಣಸಿನಕಾಯಿ ಚೀಲ

ಗುಡಾರ ಎಂದರೇನೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ನಮ್ಮೂರು ತಾವರಗೇರಾದ ಹೊರಗೆ ಕುರಿಗಾರರು ಹಾಕುವುದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ನಾಲ್ಕು ಗೂಟ, ಒಂದು ಕಂಬಳಿ. ಮುಗಿಯಿತು! ಆದರೆ ಜೋಗ ನೋಡಲು ಹೋಗೋಣವೆಂದು ನನ್ನ ಮಗ ಬಸವರಾಜ ತರಿಸಿದ ಗುಡಾರಕ್ಕೆ ತಳವನ್ನೂ ಹೊಲಿದಿದ್ದರು, ಬಾಯಿಗೆ ಜಿಪ್ಪು ಇಟ್ಟಿದ್ದರು. ಇದು ಗುಡಾರವಂತೆ! ನನ್ನ ಕಣ್ಣಿಗೆ ಅದು ಒಳ್ಳೆಯ ಚೀಲ.

ಹೊರಡುವ ನಾಲ್ಕು ದಿನ ಮೊದಲು, ಮಳೆಗಾಲಕ್ಕೆ ಮೆತ್ತಗಾದ ಮೆಣಸಿನಕಾಯಿಯನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಹಾಕಿದ್ದೆ. ಮಧ್ಯಾಹ್ನ ಮೋಡ ಕವಿಯಿತು. ಮನೆಯಲ್ಲಿ ಒಂದು ಗೋಣಿಚೀಲವೂ ಇರಲಿಲ್ಲ. ಗುಡಾರ ಇತ್ತು. ಸುರಿದೆ. ಮೆಣಸಿನಕಾಯಿಯನ್ನು ಕಾಲಲ್ಲಿ ತುಳಿಯದಿದ್ದರೆ ಚೀಲದಲ್ಲಿ ಅರ್ಧವೂ ಹಿಡಿಯುವುದಿಲ್ಲ. ಒಳಗಿಳಿದು ತುಳಿದೆ. ಮರುದಿನ ಗೋಣಿಚೀಲ ತರಿಸಿ, ಕಾಯಿಯನ್ನೆಲ್ಲ ಅದಕ್ಕೆ ತುಂಬಿ, ಗುಡಾರವನ್ನು ಎರಡು ಸಲ ಝಾಡಿಸಿ ಮಡಚಿಟ್ಟೆ. ಯಾರಿಗೂ ಹೇಳಲಿಲ್ಲ. ಹೇಳುವಂಥದ್ದು ಏನಿತ್ತು?

ನನಗೆ ಬೇಕಾಗಿದ್ದು ಜೋಗ ಒಂದೇ. ಲಗ್ನವಾಗಿ ಬಂದ ವರ್ಷ ಈ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಅದರ ಚಿತ್ರವಿತ್ತು. ಅಷ್ಟು ನೀರು ಒಂದೇ ಕಡೆ ಬೀಳುತ್ತದೆಂದರೆ ನಾನು ನಂಬಿರಲಿಲ್ಲ. ಸಾಯುವುದರೊಳಗೆ ಕಣ್ಣಾರೆ ನೋಡಬೇಕಿತ್ತು.

ಕಾರಿನಲ್ಲಿ ಜೋಗ ಮುಟ್ಟಿದಾಗ ಸಂಜೆ. ಮುಂಜಾನೆ ಎದ್ದು ನೀರು ನೋಡುವುದೆಂದು ಮಾತಾಯಿತು. ಗುಡಾರ ನಿಲ್ಲಿಸುವಷ್ಟರಲ್ಲಿ ಮಳೆ ಬಂತು. ನಾನು ಒಳಗೆ ಹೋಗಿ ಸೆರಗಿನಿಂದ ನೆಲ ಒರೆಸಿದೆ. ಮಗ, ಸೊಸೆ ಶಾಂತಾ, ಮೊಮ್ಮಗಳು ಸವಿತಾ ನುಗ್ಗಿದರು. ಬಸವರಾಜ ಜಿಪ್ಪು ಎಳೆದ.

ಮೊದಲು ಸವಿತಾ ಸೀನಿದಳು. ಆಮೇಲೆ ಎಲ್ಲರೂ!

"ಆಯಿ, ಯಾರರ ಒಗ್ಗರಣಿ ಹಾಕ್ಯಾರೇನಬೇ?" ಎಂದಳು ಸವಿತಾ.

"ಒಗ್ಗರಣಿ ಅಲ್ಲ!" ಬಸವರಾಜ ಕೆಮ್ಮುತ್ತ ಅಬ್ಬರಿಸಿದ. "ಗುಡಾರಕ್ಕ ಏನೋ ಔಷಧಿ ಹೊಡದು ಕಳಿಸ್ಯಾರ! ಅಂಗಡಿಯವಗ ಈಗ ಫೋನ್ ಹಚ್ಚತೀನಿ!"

ನನಗೂ ಸಿಟ್ಟು ನೆತ್ತಿಗೇರಿತು. "ಹಚ್ಚೋ! ಛಂದಾಗಿ ಬೈ! ಮಂದೀನ ಕೊಲ್ಲಾಕ ಕುಂತಾನೇನು ಭಾಡ್ಯಾ?"

ಶಾಂತಾ ಮೊಬೈಲ್ ಬೆಳಕು ಹಾಕಿ ಮೂಲೆಯಿಂದ ಏನೋ ಹೆಕ್ಕಿ ನನ್ನ ಮುಖದ ಮುಂದೆ ಹಿಡಿದಳು.

"ಅತ್ತಿ, ಔಷಧಿಗೆ ತೊಟ್ಟು ಇರತೈತೇನ್ರಿ?"

"ಎರಡು ಸಲ ಝಾಡಿಸೀನಿ!" ಎಂದುಬಿಟ್ಟೆ.

ಬಸವರಾಜ ಫೋನ್ ಜೇಬಿಗಿಟ್ಟ. "ಯವ್ವಾ, ನಿನಗ ನಮ್ಮ ಮ್ಯಾಲೆ ಏನರ ಸಿಟ್ಟು ಐತೇನು?"

ನಾಲ್ವರೂ ಮಳೆಯಲ್ಲಿ ಓಡಿ ಕಾರು ಸೇರಿದೆವು. ಹಣೆಬರಹ ನೋಡಿ, ಅಳು ಬಂದು ಕಣ್ಣೊರೆಸಿಕೊಂಡೆ. ಯಾವುದರಿಂದ? ಗುಡಾರದ ನೆಲ ಒರೆಸಿದ ಅದೇ ಸೆರಗಿನಿಂದ!

ಮುಂಜಾನೆ ಮಂಜಿಲ್ಲ, ಮೋಡವಿಲ್ಲ. ಜೋಗದೆದುರು ಜನ ಹೋ ಎನ್ನುತ್ತಿದ್ದರು. ನನ್ನ ಎರಡೂ ಕಣ್ಣು ಬಾತು ಮುಚ್ಚಿಕೊಂಡಿದ್ದವು.

"ಆಯಿ, ಕಣ್ಣು ತಗಿಬೇ! ನಾಕೂ ಧಾರಿ ಕಾಣಾಕತ್ತಾವು!"

"ಸಪ್ಪಳ ಕೇಳತೈತಿ, ಸಾಕು! ನಡೀರಿ ಮನಿಗೆ!" ಎಂದು ಎಲ್ಲರ ಮೇಲೆ ಹರಿಹಾಯ್ದೆ. ಯಾರಾದರೂ ಬೈಸಿಕೊಳ್ಳಬೇಕಿತ್ತಲ್ಲ!

ಸವಿತಾ ನನ್ನನ್ನು ಜೋಗದ ಮುಂದೆ ನಿಲ್ಲಿಸಿ ಫೋಟೊ ಹೊಡೆದಳು. ಊರಿಗೆ ಬಂದ ಮೇಲೆ ಅದನ್ನು ನೋಡಿದ ಪಕ್ಕದ ಮನೆಯ ಗಂಗವ್ವ, "ಅಯ್ಯ, ಯಾರು ತೀರಿಕೊಂಡ್ರಬೇ?" ಎಂದಳು.

ಗುಡಾರದಲ್ಲಿ ಈಗ ಮೆಣಸಿನಕಾಯಿ ಇದೆ. ಚೀಲವೆಂದು ನಾನು ಮೊದಲೇ ಹೇಳಿರಲಿಲ್ಲವೇ? ಜೋಗವನ್ನೂ ಕಡೆಗೆ ನೋಡಿದೆ, ಕಣ್ಣಿನ ಬಾವು ಇಳಿದ ಮೇಲೆ, ಅದೇ ಫೋಟೊದಲ್ಲಿ. ಹಿಂದೆ ನೀರು ಬೀಳುತ್ತಿದೆ. ಮುಂದೆಯೂ ಬೀಳುತ್ತಿದೆ, ನನ್ನ ಮೂಗಿನಿಂದ!